ಬಚ್ಚಲ ಹಂಡೆಗೆ ಬೆಂಗಳೂರಿನಲ್ಲಿ ಸೌದೆ ಎಲ್ಲಿಂದ ತರೋದು? ಕೆಟ್ಟು ಕೂತ ಚೈನ್‌ಸಾ ಮನೆಯಲ್ಲೇ ಸರಿ ಮಾಡಬಹುದಾ?

ನೀವು ಕೇಳಿರೋದು ಇಷ್ಟು: ಬನಶಂಕರಿ 6ನೇ ಹಂತದಲ್ಲಿ ಸ್ವಂತ ಮನೆ, ಬಚ್ಚಲಲ್ಲಿ ತಾಮ್ರದ ಹಂಡೆ, ಅಪ್ಪನಿಗೆ ಗೀಸರಿನ ನೀರು ಒಗ್ಗಲ್ಲ. ಮಳೆಗೆ ಬಿದ್ದ ರಸ್ತೆ ಮರದ ಸೌದೆ ತಂದುಕೊಂಡರೆ ತಪ್ಪಾಗುತ್ತಾ? ಸಕಲೇಶಪುರದ ಮಾವ ತೋಟದ ಹಳೇ ಪೆಟ್ರೋಲ್ ಚೈನ್‌ಸಾ ಕೊಟ್ಟು ಕಳಿಸಿದ್ದಾರೆ, ಬಹಳ ದಿನ ಮೂಲೆಯಲ್ಲಿತ್ತು, ಈಗ ಸ್ಟಾರ್ಟ್ ಆಗ್ತಿಲ್ಲ, ಮನೆಯಲ್ಲೇ ಬಿಚ್ಚಬಹುದಾ?

ಸೌದೆ ಸಿಗುತ್ತೆ, ಮಷೀನೂ ಬಹುಮಟ್ಟಿಗೆ ಸರಿಹೋಗುತ್ತೆ. ಸೌದೆ ಕೂತಷ್ಟೂ ಒಳ್ಳೇದು, ಪೆಟ್ರೋಲ್ ಕೂತಷ್ಟೂ ಕೆಟ್ಟದ್ದು, ಅಷ್ಟು ತಿಳಿದರೆ ಅರ್ಧ ಕೆಲಸ ಮುಗೀತು. ನಮ್ಮ ಜನ ಮಾಡೋದು ತಿರುಗುಮುರುಗು. ಮಳೆಗೆ ಬಿದ್ದ ಹಸಿ ಕೊಂಬೆಯನ್ನ ಅದೇ ವಾರ ಒಲೆಗೆ ತುರುಕಿ ಬೀದಿಗೆಲ್ಲ ಹೊಗೆ ಹಾಕ್ತಾರೆ, ಮಷೀನಿನ ಟ್ಯಾಂಕಲ್ಲಿ ಪೆಟ್ರೋಲನ್ನ ವರ್ಷಗಟ್ಟಲೆ ಬಿಡ್ತಾರೆ. ನಾನಿರೋದು ತಲಘಟ್ಟಪುರದ ಕಡೆ. ನಮ್ಮನೇಲಿ ಹಂಡೆ ಒಲೆ ಇನ್ನೂ ಉರಿಯುತ್ತೆ, ಭಾನುವಾರ ಅಕ್ಕಪಕ್ಕದವರ ಹುಲ್ಲು ಕೊಯ್ಯೋ ಮಷೀನು, ಚೈನ್‌ಸಾ ಬಿಚ್ಚಿ ಹರಡಿಕೊಂಡು ಕೂರೋದು ನನ್ನ ಚಟ. ಆ ಅನುಭವದ ಮೇಲೆ ಹೇಳ್ತಿದ್ದೀನಿ.

ಮೊದಲು ಕಾನೂನು, ಬೇಗ ಮುಗಿಸ್ತೀನಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ನಿಮ್ಮ ಕಾಂಪೌಂಡಿನ ಒಳಗಿನ ಮರವಾದರೂ ಕಡಿಯೋಕೆ ಟ್ರೀ ಆಫೀಸರ್ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಥರದ ಕೆಲವು ಜಾತಿಗೆ ವಿನಾಯಿತಿ ಇದೆ. ರಸ್ತೆ ಮರ ಬಿದ್ದರೂ ಅದು ಪಾಲಿಕೆಯದ್ದೇ. ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆ ಆದರೂ ಈ ಮಾತು ಬದಲಾಗಿಲ್ಲ. ಹಾಗಾಗಿ ದಿಮ್ಮಿಗೆ ನೀವೇ ಗರಗಸ ಹಾಕೋಕೆ ಹೋಗಬೇಡಿ. ಪಾಲಿಕೆಯ ಅರಣ್ಯ ವಿಭಾಗದ ಹುಡುಗರು ಬಂದು ತುಂಡು ಮಾಡೋವಾಗ ಹೋಗಿ ನಿಂತು ಕೇಳಿ. ಸಣ್ಣ ಕೊಂಬೆ ಸಾಗಿಸೋದು ಅವರಿಗೂ ತಲೆನೋವು, ಸಾಮಾನ್ಯವಾಗಿ ಬೇಡ ಅನ್ನಲ್ಲ. ಬೆಸ್ಕಾಂನವರು ಲೈನಿಗೆ ತಾಗೋ ಕೊಂಬೆ ಸವರಿದಾಗಲೂ ಅಷ್ಟೇ, ಫುಟ್‌ಪಾತ್ ಮೇಲೆ ವಾರಗಟ್ಟಲೆ ಬಿದ್ದಿರುತ್ತೆ. ಆದರೆ ಬಿದ್ದ ಮರದ ಜೊತೆ ವೈರೂ ಬಿದ್ದಿದ್ದರೆ ಹತ್ತಿರ ಸುಳಿಯಬೇಡಿ, 1912ಕ್ಕೆ ಫೋನ್ ಮಾಡಿ ದೂರ ನಿಲ್ಲಿ.

ಯಾವ ಮರ ಅನ್ನೋದೂ ಮುಖ್ಯ. ನಮ್ಮೂರ ರಸ್ತೆಗಳಲ್ಲಿ ಬೀಳೋದರಲ್ಲಿ ಹೆಚ್ಚಿನವು ಗುಲ್‌ಮೊಹರ್, ಸ್ಪಾಥೋಡಿಯಾ, ಆಕಾಶಮಲ್ಲಿಗೆ. ಹೂವಿಗೆ ಚೆಂದ, ಒಲೆಗೆ ಅಷ್ಟಕ್ಕಷ್ಟೆ: ಹಗುರ, ಭುಗ್ ಅಂತ ಉರಿದು ಕೆಂಡ ನಿಲ್ಲಲ್ಲ. ಒಲೆ ಹೊತ್ತಿಸೋಕೆ ಇವು ಇರಲಿ. ಸರ್ವೆ ಸಿಕ್ಕರೆ ಬಿಡಬೇಡಿ, ಅದರ ಮುಂದೆ ಬೇರೆ ಸೌದೆ ಇಲ್ಲ. ಹೊಂಗೆ, ಹುಣಸೆ, ಜಾಲಿ ಚೆನ್ನಾಗಿ ಕೆಂಡ ಹಿಡಿಯುತ್ತವೆ, ಹುಣಸೆ ಸೀಳೋಕೆ ಮಾತ್ರ ರಟ್ಟೆ ಬೀಳುತ್ತೆ. ನೀಲಗಿರಿಯನ್ನ ಹಸಿ ಇದ್ದಾಗಲೇ ಸೀಳಿ, ಒಣಗಿದ ಮೇಲೆ ಕೊಡಲಿ ಎಗರುತ್ತೆ. ನುಗ್ಗೆ ಹೊತ್ತು ತರೋ ಶ್ರಮವೇ ದಂಡ. ಇನ್ನು ರಸ್ತೆ ಮಧ್ಯದ ಡಿವೈಡರಿನಲ್ಲಿ ಗುಲಾಬಿ, ಬಿಳಿ ಹೂ ಬಿಡೋ ಕಣಗಿಲೆ ಇದೆಯಲ್ಲ, ಅದರ ಒಂದು ಕಡ್ಡಿಯೂ ಒಲೆಗೆ ಬೇಡ. ಗಿಡ ಪೂರ್ತಿ ವಿಷ, ಹೊಗೆಯೂ ವಿಷವೇ. ಕಟ್ಟಡ ಕಟ್ಟೋ ಕಡೆ ಸಿಗೋ ಸೆಂಟ್ರಿಂಗ್ ಪ್ಲೈವುಡ್, ಬಣ್ಣ ಬಳಿದ ಹಳೇ ಬಾಗಿಲು ಕೂಡ ಬೇಡ, ಅಂಟು ಮತ್ತು ಬಣ್ಣದ ಹೊಗೆ ಕುಡಿಯೋದು ಒಲೆ ಮುಂದೆ ಕೂತಿರೋ ಅಪ್ಪನೇ. ಮೊಳೆ ಇರೋ ರೀಪರು ಒಲೆಗೆ ಸರಿ, ಚೈನ್‌ಸಾಗೆ ಅಲ್ಲ.

ದುಡ್ಡು ಕೊಟ್ಟು ತರೋದಾದರೆ ಸಾಮಿಲ್‌ಗಳಲ್ಲಿ ಕೇಳಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ನಿಮಗೆ ದೂರವಲ್ಲ. ಮರ ಕೊಯ್ದು ಉಳಿದ ಸಿಪ್ಪೆ ಹಲಗೆ, ತುಂಡು ಸಿಗುತ್ತವೆ. ಅದಕ್ಕೂ ಮೊದಲು, ಮನೆಯಲ್ಲಿ ತೆಂಗಿನ ಮರ ಇದ್ದರೆ ಅದನ್ನ ನೋಡಿ. ಒಣಗಿದ ಮಟ್ಟೆ, ಗರಿ, ಕರಟ, ಹೊಂಬಾಳೆ ಇವಿಷ್ಟೇ ವಾರದಲ್ಲಿ ಎರಡು ದಿನದ ಸ್ನಾನ ಕಳೆಯುತ್ತೆ.

ಈಗ ಲೆಕ್ಕ. 40 ಲೀಟರ್ ನೀರನ್ನ 22 ಡಿಗ್ರಿಯಿಂದ 60ಕ್ಕೆ ಏರಿಸೋಕೆ ಬೇಕಾದ ಶಾಖ ಸುಮಾರು 6.4 ಮೆಗಾಜೂಲ್. ಒಣ ಸೌದೆ ಕಿಲೋಗೆ 15 ಮೆಗಾಜೂಲ್ ಆಸುಪಾಸು ಕೊಡುತ್ತೆ, ಆದರೆ ಸಾಮಾನ್ಯ ಬಚ್ಚಲ ಒಲೆಯಲ್ಲಿ ಅದರ ಆರನೇ ಒಂದು ಪಾಲು ನೀರಿಗೆ ತಲುಪಿದರೆ ಪುಣ್ಯ. ಅಂದರೆ ಒಂದು ಹಂಡೆಗೆ ಎರಡೂವರೆ ಕಿಲೋ, ತಿಂಗಳಿಗೆ 75 ಕಿಲೋ. ಇದೇ ನೀರಿಗೆ ಗೀಸರ್ ಎರಡು ಯೂನಿಟ್ ಒಳಗೇ ಕರೆಂಟು ತಗೊಳ್ಳುತ್ತೆ. ಹಾಗಾಗಿ ದುಡ್ಡು ಉಳಿಸೋಕೆ ಅಂತ ಸೌದೆ ಕೊಂಡು ಉರಿಸೋದು ದಡ್ಡತನ. ಬಿಟ್ಟಿ ಸೌದೆ ಇದ್ದು ಹಂಡೆ ನೀರಿನ ಮೇಲೆ ಆಸೆ ಇದ್ದರೆ ಮಾತ್ರ ಈ ಉಸಾಬರಿ. ಒಲೆ ಹೊಸದಾಗಿ ಕಟ್ಟಿಸೋ ಯೋಚನೆ ಇದ್ದರೆ ನಮ್ಮೂರ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸೋ ಅಸ್ತ್ರ ವಿಭಾಗದ ಒಲೆಗಳ ವಿನ್ಯಾಸ ನೋಡಿ. ಅಡಿಯಲ್ಲಿ ಜಾಲರಿ, ಗಾಳಿಗೆ ಅಳತೆಯ ಕಿಂಡಿ, ಮೇಲೊಂದು ಚಿಮಣಿ, ಅಷ್ಟರಿಂದಲೇ ಸೌದೆ ಗಣನೀಯವಾಗಿ ಉಳಿಯುತ್ತೆ.

ಆ 15 ಮೆಗಾಜೂಲ್ ಒಣ ಸೌದೆಯ ಲೆಕ್ಕ. ಆಗ ತಾನೇ ಕಡಿದ ಮರದ ತೂಕದಲ್ಲಿ ಹತ್ತಿರತ್ತಿರ ಅರ್ಧ ನೀರೇ ಇರುತ್ತೆ, ಒಲೆ ಮೊದಲು ಆ ನೀರನ್ನ ಕಾಯಿಸಿ ಆವಿ ಮಾಡಬೇಕು, ಆಮೇಲೆ ನಿಮ್ಮ ಹಂಡೆ. ಏಪ್ರಿಲ್, ಮೇ ಗಾಳಿಮಳೆಗೆ ಬಿದ್ದದ್ದನ್ನ ಮುಂಗೈ ದಪ್ಪಕ್ಕೆ ಸೀಳಿ, ನೆಲಕ್ಕೆ ತಾಗದ ಹಾಗೆ ಇಟ್ಟಿಗೆ ಮೇಲೆ ಜೋಡಿಸಿ. ಮೇಲಕ್ಕೆ ಮಾತ್ರ ಶೀಟ್ ಹಾಕಿ, ಪಕ್ಕ ತೆರೆದಿರಲಿ. ಸುತ್ತಲೂ ಟಾರ್ಪಾಲು ಬಿಗಿದರೆ ಒಳಗೇ ಬೂಸ್ಟು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆ ಜಾಸ್ತಿ, ಹಾಗಾಗಿ ಆ ಸೌದೆಯನ್ನ ಸಂಕ್ರಾಂತಿ ತನಕ ಮುಟ್ಟದಿದ್ದರೆ ಒಳ್ಳೇದು. ಒಣಗಿದ ಗುರುತು: ತುದಿಯಲ್ಲಿ ಬಿರುಕು, ತೊಗಟೆ ತಾನಾಗಿ ಬಿಡುತ್ತೆ, ಎರಡು ತುಂಡು ಬಡಿದರೆ ಟಣ್ ಅನ್ನುತ್ತೆ. ರಾಶಿಗೆ ಬರಿಗೈ ಹಾಕಬೇಡಿ, ಚೇಳಿಗೆ ಇಷ್ಟವಾದ ಜಾಗ ಅದು. ಉಳಿದ ಎಲೆ, ಕಡ್ಡಿಯನ್ನ ಬೀದಿಯಲ್ಲಿ ಗುಡ್ಡೆ ಹಾಕಿ ಸುಡೋದೂ ಬೇಡ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಇನ್ನು ಮಾವನ ಮಷೀನು. ಕೈ ಹಾಕೋ ಮೊದಲು ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತಿಡಿ, ಚೈನು, ಬಾರು (ಚೈನು ಸುತ್ತ ಓಡೋ ಉದ್ದನೆಯ ಪಟ್ಟಿ) ಎರಡನ್ನೂ ಬಿಚ್ಚಿ. ಮೊದಲ ಪರೀಕ್ಷೆಗೆ ಸ್ಪ್ಯಾನರೂ ಬೇಡ: ಸ್ಟಾರ್ಟರ್ ಹಗ್ಗದ ಹಿಡಿಯಲ್ಲಿ ಮಷೀನನ್ನ ನೇತುಹಾಕಿ. ತಡೆತಡೆದು ನಿಧಾನಕ್ಕೆ ಇಳಿದರೆ ಕಂಪ್ರೆಶನ್, ಅಂದರೆ ಇಂಜಿನ್ನಿನೊಳಗೆ ಗಾಳಿಯನ್ನ ಒತ್ತಿ ಹಿಡಿಯೋ ಶಕ್ತಿ, ಇದೆ, ಮುಂದಿನದಕ್ಕೆ ಅರ್ಥ ಇದೆ. ಸರ್ರನೆ ಜಾರಿಬಿಟ್ಟರೆ ಪಿಸ್ಟನ್, ರಿಂಗ್ ಹೋಗಿರಬೇಕು, ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಕಂಪ್ರೆಶನ್ ಇದ್ದೂ ಸ್ಟಾರ್ಟ್ ಆಗದ, ಬಹಳ ದಿನ ಕೂತ ಮಷೀನಿನಲ್ಲಿ ನಾನು ಮೊದಲು ಅನುಮಾನಿಸೋದು ಪೆಟ್ರೋಲನ್ನೇ. ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿ 6ರಂದು. ಈಗ ಬಂಕುಗಳಲ್ಲಿ ಮಾಮೂಲಿಯಾಗಿ ಸಿಗೋದು ಅದೇ, ಶೇ 20 ಎಥನಾಲ್. ಎಷ್ಟೋ ಚೈನ್‌ಸಾಗಳ ಕೈಪಿಡಿಯಲ್ಲಿ ಬರೆದಿರೋ ಮಿತಿ ಶೇ 10. ಎಥನಾಲ್ ಗಾಳಿಯ ತೇವ ಹೀರುತ್ತೆ, ನೀರು ಜಾಸ್ತಿಯಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತೆ. ಟ್ಯಾಂಕಿನೊಳಗೆ ಪೆಟ್ರೋಲ್ ಹೀರೋ ಫಿಲ್ಟರ್ ಇರೋದೂ ತಳದಲ್ಲೇ. ಜೊತೆಗೆ ಹಳೇ ರಬ್ಬರ್ ಪೈಪನ್ನ ಮೆತ್ತಗೆ ಮಾಡುತ್ತೆ ಇಲ್ಲವೇ ಸೀಳಿಸುತ್ತೆ.

ಹಳೇದನ್ನೆಲ್ಲ ಒಂದು ಗಾಜಿನ ಬಾಟಲಿಗೆ ಬಗ್ಗಿಸಿ ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ರೋಗ ಗೊತ್ತಾಯ್ತು. ಅದನ್ನ ಚರಂಡಿಗೆ ಸುರಿಯದೆ ಯಾವುದಾದರೂ ಗ್ಯಾರೇಜಿಗೆ ಕೊಡಿ. ಟ್ಯಾಂಕ್ ಬಾಯಿಂದ ಕೊಕ್ಕೆ ತಂತಿ ಹಾಕಿ ಫಿಲ್ಟರ್ ಎಳೆದು ಬದಲಿಸಿ, ಪೈಪ್ ಮಡಚಿ ಬಿರುಕಿದೆಯಾ ನೋಡಿ. ಹೊಸ ಪ್ಲಗ್ ಹಾಕಿ, ಅದರ ತುದಿಯ ಸಂದು ಸಾಮಾನ್ಯವಾಗಿ 0.5 ಮಿಲಿಮೀಟರ್. ಹೊಸ ಪೆಟ್ರೋಲಿಗೆ ಒಳ್ಳೇ ಟೂ ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಮಿಲಿ, ಸಾದಾ ಆಯಿಲ್ ಆದರೆ 40 ಮಿಲಿ ಅನ್ನೋದು ರೂಢಿ. ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಕ್ಯಾನಿನಲ್ಲಿ ಕಲಸಿ ಆಮೇಲೆ ಸುರೀರಿ, ಟ್ಯಾಂಕಿನಲ್ಲೇ ಕಲಸೋ ಸೋಮಾರಿತನ ಬೇಡ.

ಆಗಲೂ ಹತ್ತಲಿಲ್ಲ ಅಂದರೆ ಕಾರ್ಬುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ. ಹೆದರಬೇಡಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಬೈಕಿನ ಥರ ಫ್ಲೋಟ್ ಇರಲ್ಲ, ಯಾಕಂದರೆ ಚೈನ್‌ಸಾ ಅಡ್ಡ, ತಲೆಕೆಳಗು ಹೇಗೆ ಹಿಡಿದರೂ ಓಡಬೇಕು. ಅದರ ಬದಲು ತೆಳ್ಳನೆಯ ಡಯಾಫ್ರಮ್ ಉಬ್ಬಿ ತಗ್ಗಿ ಪೆಟ್ರೋಲ್ ಎಳೆಯುತ್ತೆ. ಹಳೇದಾದ ಡಯಾಫ್ರಮ್ ಸುಟ್ಟ ಹಪ್ಪಳದ ಹಾಗೆ ಕಟಕಟ ಅನ್ನುತ್ತೆ, ಅದು ಇನ್ನು ಅಲ್ಲಾಡಲ್ಲ. ಕಾರ್ಬುರೇಟರ್ ಮೇಲಿನ ನಂಬರ್ ಬರೆದುಕೊಂಡು ಅದಕ್ಕೆ ಸರಿಯಾದ ರಿಪೇರಿ ಕಿಟ್ ತನ್ನಿ. ಬಿಚ್ಚೋವಾಗ ಪ್ರತಿ ಪದರಕ್ಕೂ ಮೊಬೈಲಲ್ಲಿ ಫೋಟೋ ತೆಗೀರಿ. ಗ್ಯಾಸ್ಕೆಟ್ ಮತ್ತು ಡಯಾಫ್ರಮ್ ಹಿಂದುಮುಂದಾದರೆ ಎಷ್ಟು ಹಗ್ಗ ಎಳೆದರೂ ಇಂಜಿನ್ ಕೆಮ್ಮಲ್ಲ. ಒಳಗಿನ ಪುಟ್ಟ ಜಾಲರಿಗೂ ಕಿಂಡಿಗಳಿಗೂ ಕಾರ್ಬುರೇಟರ್ ಕ್ಲೀನರ್ ಹೊಡೀರಿ, ಕಣ್ಣಿಗೆ ಕನ್ನಡಕ ಇರಲಿ, ಸೂಜಿ ಚುಚ್ಚಬೇಡಿ.

ಎರಡು ಲಕ್ಷಣ ನೆನಪಿಡಿ. ಸ್ಟಾರ್ಟ್ ಆಗಿ ಕೆಲವು ನಿಮಿಷ ಓಡಿ ನಿಂತು, ಟ್ಯಾಂಕ್ ಮುಚ್ಚಳ ಸಡಿಲಿಸಿದ ತಕ್ಷಣ ಮತ್ತೆ ಓಡಿದರೆ ಕಟ್ಟಿರೋದು ಟ್ಯಾಂಕಿನ ಗಾಳಿ ಕಿಂಡಿ, ಕಾರ್ಬುರೇಟರ್ ಅಲ್ಲ. ಸ್ಟಾರ್ಟ್ ಆಗುತ್ತೆ ಆದರೆ ದಮ್ಮಿಲ್ಲ ಅಂದರೆ ಸೈಲೆನ್ಸರ್ ಬಾಯಿಯ ಜಾಲರಿ ಮಸಿ ಕಟ್ಟಿದೆಯಾ ನೋಡಿ.

ಟ್ಯೂನಿಂಗ್‌ಗೆ ಬಾರು, ಚೈನು ವಾಪಸ್ ಹಾಕಿ. ಕಾರ್ಬುರೇಟರಿನಲ್ಲಿ ಮೂರು ಸ್ಕ್ರೂ ಇರುತ್ತೆ: ಎಲ್ ಕಡಿಮೆ ವೇಗಕ್ಕೆ, ಎಚ್ ಪೂರ್ತಿ ವೇಗಕ್ಕೆ, ಇನ್ನೊಂದು ಐಡ್ಲಿಂಗ್‌ಗೆ, ಅಂದರೆ ಎಕ್ಸಲರೇಟರ್ ಒತ್ತದೆ ಸುಮ್ಮನೆ ಓಡೋದಕ್ಕೆ. ಎಲ್, ಎಚ್ ಒಳಕ್ಕೆ ಹೋದರೆ ಪೆಟ್ರೋಲ್ ಕಡಿಮೆ, ಹೊರಕ್ಕೆ ಬಂದರೆ ಜಾಸ್ತಿ. ಮೊದಲು ಎಷ್ಟು ಸುತ್ತಿತ್ತು ಅಂತ ಬರೆದಿಟ್ಟುಕೊಂಡೇ ತಿರುಗಿಸಿ. ಮಂಗಳೂರಿನ ಮಷೀನಾಗಿದ್ದರೆ 900 ಮೀಟರ್ ಎತ್ತರದ ಇಲ್ಲಿನ ತೆಳು ಗಾಳಿಗೆ ಎಚ್ ಸ್ವಲ್ಪ ಒಳಕ್ಕೆ ಹೋಗಬೇಕಿತ್ತು. ಸಕಲೇಶಪುರವೂ ಹೆಚ್ಚುಕಮ್ಮಿ ಇದೇ ಎತ್ತರ, ಆ ಗೊಡವೆ ನಿಮಗಿಲ್ಲ. ಬದಲಿಗೆ ಇ20 ಬರೋ ಮುಂಚಿನ ಸೆಟ್ಟಿಂಗ್ ಆಗಿದ್ದರೆ ಎಚ್ ಕೂದಲೆಳೆಯಷ್ಟು ಹೊರಕ್ಕೆ ಬರಬೇಕು, ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಅದೇ ಸೆಟ್ಟಿಂಗಿನಲ್ಲಿ ಇಂಧನ ಕಡಿಮೆ ಬೀಳುತ್ತೆ. ಕಿವಿಗೆ ಗುರುತು ಹೀಗೆ: ಮರ ಮುಟ್ಟದೆ ಪೂರ್ತಿ ಎತ್ತಿದಾಗ ಶಬ್ದ ಸ್ವಲ್ಪ ಒಡೆದಂತೆ ಬರಬೇಕು, ಮರಕ್ಕೆ ಇಳಿದಾಗ ಶುದ್ಧವಾಗಬೇಕು. ಖಾಲಿಯಲ್ಲೇ ಕೀರಲು ಕಿರುಚಿದರೆ ಪೆಟ್ರೋಲ್, ಅದರ ಜೊತೆಗಿನ ಆಯಿಲ್ ಎರಡೂ ಸಾಲುತ್ತಿಲ್ಲ, ಪಿಸ್ಟನ್ ಸುಡುತ್ತೆ. ಐಡ್ಲಿಂಗ್‌ನಲ್ಲಿ ಚೈನು ತಿರುಗಲೇಬಾರದು. ತಿರುಗಿದರೆ ಐಡ್ಲಿಂಗ್ ಇಳಿಸಿ, ಆಗಲೂ ತಿರುಗಿದರೆ ಕ್ಲಚ್ ಸ್ಪ್ರಿಂಗ್ ಸಡಿಲ. ಅದು ಸರಿಹೋಗೋ ತನಕ ಮರದ ಹತ್ತಿರ ಬೇಡ. ಕ್ರ್ಯಾಂಕ್ ಸೀಲ್, ಪಿಸ್ಟನ್ ಕೂಡ ಮನೆ ಕೆಲಸ ಅಲ್ಲ.

ಚೈನು ಮಸೆಯೋದು ಮಾತ್ರ ಕಲಿಯಲೇಬೇಕು. ಮಸೆದ ಚೈನು ಚಕ್ಕೆ ಉದುರಿಸುತ್ತೆ, ಮೊಂಡ ಚೈನು ಪುಡಿ ಉದುರಿಸುತ್ತೆ, ಆಗ ನೀವು ಒತ್ತೋಕೆ ಶುರು ಮಾಡ್ತೀರಿ, ಅಪಘಾತ ಆಗೋದು ಅಲ್ಲೇ. ಗುಂಡು ಅರದ ಅಳತೆ ಚೈನಿನ ಪಿಚ್ (ಕೊಂಡಿಗಳ ನಡುವಿನ ಅಂತರ, ಇಂಚಿನಲ್ಲಿ) ಮೇಲೆ: .325 ಚೈನಿಗೆ 4.8 ಮಿಲಿಮೀಟರ್, ಸಣ್ಣ ಮಷೀನುಗಳ ಲೋ ಪ್ರೊಫೈಲ್ 3/8 ಚೈನಿಗೆ 4 ಮಿಲಿಮೀಟರ್. ಹಲ್ಲಿನ ಮೇಲಿರೋ 30 ಡಿಗ್ರಿ ಗೆರೆ ಹಿಡಿದು ಒಂದೇ ದಿಕ್ಕಿಗೆ ತಳ್ಳಿ, ಪ್ರತಿ ಹಲ್ಲಿಗೂ ಅಷ್ಟಷ್ಟೇ ಸಲ. ಬಾರಿಗೆ ಸುಟ್ಟ ಇಂಜಿನ್ ಆಯಿಲ್ ಸುರಿಯೋ ಅಭ್ಯಾಸ ತೋಟಗಳಲ್ಲಿದೆ, ಅದರ ಮಸಿ ಆಯಿಲ್ ಪಂಪಿನಲ್ಲಿ ಕಟ್ಟಿಕೊಳ್ಳುತ್ತೆ, ಹೊಸ ಆಯಿಲ್ಲೇ ಹಾಕಿ. ಬಾರಿನ ಮೂತಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದರೆ ಮಷೀನು ಮುಖಕ್ಕೆ ಎಗರುತ್ತೆ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯೋದು, ಏಣಿ ಮೇಲೆ ನಿಂತು ಕೊಯ್ಯೋದು ಎರಡೂ ಬೇಡ. ಶೂ, ಕನ್ನಡಕ, ಕಿವಿಗೆ ಮಫ್ ಇರಲಿ.

ಕಿಟ್, ಫಿಲ್ಟರ್, ಪ್ಲಗ್‌ಗೆ ಎಸ್.ಪಿ. ರಸ್ತೆ, ಎನ್.ಆರ್. ರಸ್ತೆ ಕಡೆ ಹೋಗಿ, ಹಳೇ ಕಾರ್ಬುರೇಟರನ್ನ ಕೈಯಲ್ಲೇ ಹಿಡಿದುಕೊಂಡು ಹೋಗಿ ತೋರಿಸಿ, ಬರೀ ಬಾಯಲ್ಲಿ ಹೇಳಿದರೆ ಬೇರೆಯದ್ದು ಕೊಡ್ತಾರೆ. ಕೆಲಸ ಮುಗಿದ ದಿನವೇ ಟ್ಯಾಂಕ್ ಬರಿದು ಮಾಡಿ, ಇಂಜಿನ್ ತಾನಾಗಿ ನಿಲ್ಲೋ ತನಕ ಓಡಿಸಿ ಇಡಿ.

ಇಷ್ಟೆಲ್ಲ ಮಾಡಿದ ಮೇಲೂ ಹತ್ತದಿದ್ದರೆ ಮಷೀನಿನ ಮಾಡೆಲ್, ಪ್ಲಗ್ ತುದಿಯ ಬಣ್ಣ ಬರೆದು ತಿಳಿಸಿ: ಕಪ್ಪಗೆ ಒದ್ದೆಯಾಗಿದ್ದರೆ ಒಂದು ದಾರಿ, ಬೆಳ್ಳಗೆ ಒಣಗಿದ್ದರೆ ಇನ್ನೊಂದು.