ಕೇವಲ 1,200 ಜನರನ್ನು ಕೇಳಿ ಇಡೀ ದೇಶದ ಜನಾಭಿಪ್ರಾಯ ಹೇಳುವುದು ಹೇಗೆ ಸಾಧ್ಯ?

ಸಾಧ್ಯವಿದೆ, ಏಕೆಂದರೆ ಸಮೀಕ್ಷೆಯ ನಿಖರತೆ ನಿಂತಿರುವುದು ದೇಶದ ಜನಸಂಖ್ಯೆಯ ಮೇಲಲ್ಲ, ಎಷ್ಟು ಮಂದಿಯನ್ನು ಕೇಳಿದರು ಮತ್ತು ಅವರನ್ನು ಹೇಗೆ ಆರಿಸಿದರು ಎಂಬುದರ ಮೇಲೆ. ಆಫ್ರಿಕಾದಲ್ಲಿ ಪ್ರಜಾಪ್ರಭುತ್ವದ ಬಗೆಗಿನ ಜನಾಭಿಪ್ರಾಯವನ್ನು ಅಳೆಯುವ ಆಫ್ರೋಬ್ಯಾರೋಮೀಟರ್ ಸಂಸ್ಥೆ ಸಾಮಾನ್ಯವಾಗಿ ಒಂದೊಂದು ದೇಶದಲ್ಲಿ 1,200 ಅಥವಾ 2,400 ವಯಸ್ಕರನ್ನಷ್ಟೇ ಮಾತನಾಡಿಸುತ್ತದೆ. 1,200 ಮಂದಿಯಾದರೆ ಫಲಿತಾಂಶ ಸುಮಾರು ಶೇ. 3ರಷ್ಟು ಆಚೀಚೆ ಆಗಬಹುದು. ಸಂಖ್ಯೆಯನ್ನು ದುಪ್ಪಟ್ಟು ಮಾಡಿದರೂ ಅದು ಶೇ. 2ಕ್ಕೆ ಇಳಿಯುತ್ತದೆ, ಅಷ್ಟೆ.

ಗುಟ್ಟಿರುವುದು ಆಯ್ಕೆಯಲ್ಲಿ. ಯಾವ ಊರು, ಯಾವ ಮನೆ, ಆ ಮನೆಯಲ್ಲಿ ಯಾರು ಎಂಬುದನ್ನೆಲ್ಲ ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಬಾಗಿಲು ತೆರೆದವರನ್ನೇ ಕೇಳಿಬಿಟ್ಟರೆ ಹಗಲು ಮನೆಯಲ್ಲಿರುವವರ ಅಭಿಪ್ರಾಯ ಮಾತ್ರ ಸಿಗುತ್ತದೆ. ಈ ಎಚ್ಚರ ತಪ್ಪಿದರೆ ಸಂಖ್ಯೆ ಎಷ್ಟಿದ್ದರೂ ದಂಡ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಟೆಲಿಫೋನ್ ಮತ್ತು ಕಾರು ಉಳ್ಳವರ ಪಟ್ಟಿಗಳಿಂದಲೇ ಹೆಚ್ಚಿನ ಹೆಸರುಗಳನ್ನು ಆರಿಸಿದ್ದರಿಂದ ಬಡವರ ದನಿ ಅಲ್ಲಿ ಕ್ಷೀಣವಾಗಿತ್ತು. ಜೊತೆಗೆ, ಉತ್ತರ ಬರೆದು ಅಂಚೆಗೆ ಹಾಕುವ ಉಮೇದು ತೋರಿದವರಲ್ಲಿ ರೂಸ್‌ವೆಲ್ಟ್ ವಿರೋಧಿಗಳ ಪ್ರಮಾಣವೇ ಹೆಚ್ಚಿತ್ತು.