ಚೆನ್ನಾಗಿರುವ ಒಂದೇ ಮರದಿಂದ ಇಡೀ ತೋಪು ಮಾಡುವ ಮುಂಚೆ

ಸರ್, ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಸುತ್ತಲಿರುವ ಒಂದೇ ಜಾತಿಯ ಕಾಡುಮರಗಳೆಲ್ಲ ರೋಗ ಬಂದು ಒಣಗುತ್ತಿವೆ. ನಡುವೆ ಒಂದು ಮರ ಮಾತ್ರ ಹಸಿರಾಗಿ ನಿಂತಿದೆ. ಅದರ ಬೀಜ ತೆಗೆದು ಅಥವಾ ಕಸಿ ಮಾಡಿ ಇಡೀ ಜಾಗಕ್ಕೆ ಅದನ್ನೇ ನೆಡಬಹುದಾ, ಡಿಎನ್‌ಎ ಟೆಸ್ಟ್ ಮಾಡಿಸಿದರೆ ಗ್ಯಾರಂಟಿ ಸಿಗುತ್ತದಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಈಗಾಗಲೇ ಉತ್ತರಿಸಿದ ಇಬ್ಬರು ಮೂವರು "ಕಣ್ಣು ಮುಚ್ಚಿಕೊಂಡು ನೆಡಿ" ಅಂದಿದ್ದಾರೆ. ನಾನು ಸ್ವಲ್ಪ ತಡೆಯಿರಿ ಅನ್ನುತ್ತೇನೆ.

ಎಲ್ಲಕ್ಕಿಂತ ಮೊದಲು, ಆ ಮರವನ್ನು ಕಡಿಯಲು ಬಿಡಬೇಡಿ. ರೋಗ ಹರಡಿದಾಗ ಎಲ್ಲ ಕಡೆ ಆಗುವುದು ಇದೇ. "ಹೇಗೂ ಸಾಯುತ್ತೆ, ಕಾಸು ಬರುವಾಗಲೇ ಮಾರಿಬಿಡೋಣ" ಅಂತ ಚೆನ್ನಾಗಿರುವ ಮರಕ್ಕೂ ಗರಗಸ ಹಾಕುತ್ತಾರೆ. ರೋಗ ತಡೆಯುವ ಗುಣ ಎಲ್ಲಾದರೂ ಉಳಿದಿದ್ದರೆ ಅಂಥ ಮರದಲ್ಲೇ ಅಲ್ವಾ? ಯುರೋಪಿನ ಆಶ್ ಅನ್ನುವ ಕಾಡುಮರಗಳನ್ನು ನೋಡಿ. ಕೊಂಬೆ ತುದಿಯಿಂದ ಒಣಗಿಸುವ ಶಿಲೀಂಧ್ರ ರೋಗ ಅಲ್ಲಿ ಪೋಲೆಂಡಿನಲ್ಲಿ 1992ರಲ್ಲಿ ಕಣ್ಣಿಗೆ ಬಿತ್ತು, ಆಮೇಲೆ ಖಂಡವೆಲ್ಲ ಹಬ್ಬಿತು. ನೂರಕ್ಕೆ ಒಂದರಿಂದ ಐದು ಮರ ಮಾತ್ರ ಅದನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ ಅಂತ ಅಂದಾಜು. ಇಂಗ್ಲೆಂಡಿನ ಸರ್ರೆಯ ಒಂದು ಕಾಡಿನಲ್ಲಿ ದೊಡ್ಡ ಮರಗಳ ಡಿಎನ್‌ಎ, ತಾವಾಗಿಯೇ ಹುಟ್ಟಿದ ಎಳೆ ಗಿಡಗಳ ಡಿಎನ್‌ಎ ಎರಡನ್ನೂ ಹೋಲಿಸಿದ ಅಧ್ಯಯನ 2025ರಲ್ಲಿ ಬಂತು. ಎಳೆಯವುಗಳಲ್ಲಿ ತಡೆಯುವ ಶಕ್ತಿ ಸ್ವಲ್ಪ ಏರಿತ್ತು. ತಾಳಲಾರದ ಸಸಿಗಳು ಸತ್ತು, ತಾಳಿದವು ಉಳಿಯುತ್ತಿವೆ. ಹಾಗಾಗಿ ಮರದ ಕೆಳಗೆ ಸಸಿ ಎದ್ದಿದ್ದರೆ ಅವನ್ನೂ ಸವರಿ ಹಾಕಬೇಡಿ.

ಇನ್ನು ನಿಮ್ಮ ಮರ ನಿಜವಾಗಿ ಗಟ್ಟಿಯೋ, ಅಥವಾ ಅದೃಷ್ಟದಿಂದ ತಪ್ಪಿಸಿಕೊಂಡಿದೆಯೋ? ನೋಡಿದ ಮಾತ್ರಕ್ಕೆ ಹೇಳಲಾಗದು. ಗಾಳಿ ಆಡುವ ಜಾಗ, ನೀರು ಬಸಿದು ಹೋಗುವ ಮಣ್ಣು, ಸುತ್ತ ಬಿಡುವು, ಇಷ್ಟಿದ್ದರೂ ರೋಗ ಹತ್ತುವುದು ತಡವಾಗಬಹುದು. ಎತ್ತರ, ದಪ್ಪದಂಥ ಗುಣಗಳಲ್ಲೂ ಜಾಗದ ಪಾಲೇ ಜಾಸ್ತಿ, ತಳಿಯ ಪಾಲು ಕಡಿಮೆ. ಮರದ ತಳಿ ಅಭಿವೃದ್ಧಿ ಮಾಡುವವರು ಅದಕ್ಕೇ ಒಳ್ಳೆ ಮರ ಗುರುತಿಸಿ ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಅದರ ಬೀಜದ ಸಸಿಗಳನ್ನು ಬೇರೆ ಬೇರೆ ಜಾಗದಲ್ಲಿ, ಬೇರೆ ತಾಯಿಮರಗಳ ಸಸಿಗಳ ಪಕ್ಕದಲ್ಲೇ ಬೆಳೆಸಿ ನೋಡುತ್ತಾರೆ. ಮಕ್ಕಳು ಚೆನ್ನಾಗಿ ಬಂದರೆ ಮಾತ್ರ ತಾಯಿಗೆ ಅಂಕ.

ನೂಲಿನಂತೆ ಸೀರೆ ಅನ್ನುವ ಗಾದೆ ಇಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಬೀಜಕ್ಕೆ ಪರಾಗ ಕೊಟ್ಟ ಮರ ಯಾವುದು ಅಂತ ಯಾರಿಗೆ ಗೊತ್ತು? ಪಕ್ಕದ ರೋಗದ ಮರವೇ ಇರಬಹುದು. ಒಂಟಿ ಮರವಾದರೆ ಇನ್ನೂ ಕಷ್ಟ. ಅನೇಕ ಜಾತಿಗಳಲ್ಲಿ ತನ್ನದೇ ಪರಾಗ ಬಿದ್ದರೆ ಜೊಳ್ಳು ಬೀಜ ಜಾಸ್ತಿ, ಹುಟ್ಟಿದ ಸಸಿಯೂ ಸೊರಗುತ್ತದೆ.

ಹಾಗಾದರೆ ಕಸಿ ಮಾಡಿದರೆ ತಾಯಿಯ ಗುಣ ಹಾಗೇ ಬರುತ್ತದಲ್ಲ ಅಂತೀರಿ. ಬರುತ್ತದೆ, ಅದರ ದೌರ್ಬಲ್ಯವೂ ಬರುತ್ತದೆ. ಇಂಗ್ಲಿಷ್ ಎಲ್ಮ್ ಅನ್ನುವ ಮರ ಬೇರಿನಿಂದ ಏಳುವ ಕುಡಿಗಳಿಂದಲೇ ಹರಡಿದ್ದು. ಬ್ರಿಟನ್ನಿನಲ್ಲಿರುವ ಈ ಎಲ್ಮ್‌ಗಳೆಲ್ಲ ರೋಮನ್ನರ ಕಾಲದ ಒಂದೇ ತಾಯಿಯ ಕ್ಲೋನ್, ಅಂದರೆ ಪಡಿಯಚ್ಚು ನಕಲು ಅಂತ 2004ರಲ್ಲಿ ಡಿಎನ್‌ಎ ಅಧ್ಯಯನ ತೋರಿಸಿತು. ಎಲ್ಮ್ ಮರಗಳನ್ನು ಕೊಲ್ಲುವ ಶಿಲೀಂಧ್ರ ರೋಗದ ಉಗ್ರ ತಳಿ 1960ರ ದಶಕದ ಕೊನೆಗೆ ಅಲ್ಲಿಗೆ ಬಂದಾಗ, ಒಂದು ಮರಕ್ಕೆ ತಡೆಯಲಾಗದ್ದು ಯಾವ ಮರಕ್ಕೂ ತಡೆಯಲಾಗಲಿಲ್ಲ. ಬ್ರಿಟನ್ ಎರಡೂವರೆ ಕೋಟಿಗೂ ಹೆಚ್ಚು ಎಲ್ಮ್ ಮರ ಕಳೆದುಕೊಂಡಿತು.

ಒಂದೇ ಜೀನ್ ನಂಬಿ ಕೂತರೂ ಅಷ್ಟೇ. ಅಮೆರಿಕದ ಶುಗರ್ ಪೈನ್ ಮರದಲ್ಲಿ ತುಕ್ಕು ರೋಗವನ್ನು (ಇದೂ ಶಿಲೀಂಧ್ರದ್ದೇ) ಪೂರ್ತಿ ತಡೆಯುವ ಒಂದು ಜೀನ್ ಸಿಕ್ಕಿತು. ಭಾರೀ ಖುಷಿ. ಆಮೇಲೆ ಅದನ್ನು ದಾಟಿ ಬರುವ ಶಿಲೀಂಧ್ರ ಕಾಣಿಸಿಕೊಂಡಿತು. ಈಗ ತಳಿಗಾರರು ರೋಗ ಬಂದರೂ ನಿಧಾನಕ್ಕೆ ಹಬ್ಬುವಂತೆ ಮಾಡುವ, ಹಲವು ಜೀನ್ ಸೇರಿ ಕೊಡುವ ತಡೆಯನ್ನೂ ಜೊತೆಗೆ ಹುಡುಕುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಮರ ನೂರಾರು ವರ್ಷ ನಿಲ್ಲಬೇಕು, ಶಿಲೀಂಧ್ರ ಅಷ್ಟರಲ್ಲಿ ಎಷ್ಟೋ ತಲೆಮಾರು ದಾಟಿರುತ್ತದೆ.

ಡಿಎನ್‌ಎ ಟೆಸ್ಟ್ ಬಗ್ಗೆ: ಸುಮ್ನೆ ಒಂದು ಎಲೆ ಕಳಿಸಿದರೆ "ಇದು ರೋಗ ತಡೆಯುತ್ತದೆ" ಅಂತ ವರದಿ ಬರುವುದಿಲ್ಲ. ಮೊದಲು ಆ ಜಾತಿಯ ಸಾಕಷ್ಟು ಮರಗಳನ್ನು ರೋಗಕ್ಕೆ ಒಡ್ಡಿ, ಅಳೆದು, ಡಿಎನ್‌ಎ ಜೊತೆ ತಾಳೆ ಹಾಕಿರಬೇಕು. ಆಶ್ ಮರಕ್ಕೆ ಅದನ್ನು ಮಾಡಿದ್ದಾರೆ. ರೋಗಕ್ಕೆ ಸಂಬಂಧಿಸಿದ ಸಣ್ಣ ವ್ಯತ್ಯಾಸಗಳು 3,000ಕ್ಕೂ ಹೆಚ್ಚು ಕಡೆ ಸಿಕ್ಕವು. ಅದರ ಆಧಾರದ ಮೇಲೆ ಎಳೆ ಸಸಿಯಲ್ಲೇ ಒಂದು ಅಂದಾಜು ಹಾಕಬಹುದು, ವರ್ಷಗಟ್ಟಲೆ ಕಾಯುವುದು ತಪ್ಪುತ್ತದೆ. ಅಂಥ ಕೆಲಸ ಆಗಿರದ ಜಾತಿಗೆ ಟೆಸ್ಟ್ ಹೇಳುವುದು ಬೇರೆ: ಜಾತಿ ಯಾವುದು, ಯಾವ ಮರ ಯಾವುದಕ್ಕೆ ಸಂಬಂಧಿ. ಅದೂ ಉಪಯೋಗವೇ, ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ.

ನೀವು ಮಾಡಬಹುದಾದ್ದು ಇದು. ಉಳಿದಿರುವ ಚೆನ್ನಾದ ಮರಗಳನ್ನು ಅಕ್ಕಪಕ್ಕದವರ ಜಾಗದಲ್ಲೂ ಹುಡುಕಿ. ಸಾಮಾನ್ಯವಾಗಿ 25-30 ತಾಯಿಮರಗಳಿಂದ, ಒಂದಕ್ಕೊಂದು 50-100 ಮೀಟರ್ ದೂರ ಇರುವಂತೆ ಬೀಜ ತೆಗೆಯಿರಿ ಅನ್ನುತ್ತಾರೆ. ಹತ್ತಿರದವು ಒಂದೇ ತಾಯಿಯ ಮಕ್ಕಳಾಗಿರುವ ಸಾಧ್ಯತೆ ಜಾಸ್ತಿ, ಅದಕ್ಕೆ. ಅಷ್ಟು ಸಿಗದಿದ್ದರೆ ಸಿಕ್ಕಷ್ಟು, ಆದರೆ ಒಂದೇ ಮರ ಬೇಡ. ಕಡಿಮೆ ಹೂ ಬಿಟ್ಟ ವರ್ಷ ಬಿಟ್ಟುಬಿಡಿ. ಆಗ ಪರಾಗ ಕೊಟ್ಟ ಮರಗಳೂ ಕಡಿಮೆ ಇರುತ್ತವೆ. ಪ್ರತಿ ಮರದಿಂದ ಹೆಚ್ಚುಕಡಿಮೆ ಒಂದೇ ಪ್ರಮಾಣ ತೆಗೆಯಿರಿ. ರೋಗ ಇರುವ ಕಡೆಯಿಂದ ಸಸಿ, ಮಣ್ಣು ತರಬೇಡಿ. 2012ರಲ್ಲಿ ಬ್ರಿಟನ್ನಿನಲ್ಲಿ ಆಶ್ ರೋಗ ಮೊದಲು ಪತ್ತೆಯಾಗಿದ್ದು ಹೊರಗಿಂದ ತರಿಸಿದ ನರ್ಸರಿ ಸಸಿಗಳಲ್ಲೇ.

ಕಸಿಗೂ ಜಾಗ ಇದೆ. ಹಲವು ಗಟ್ಟಿ ಮರಗಳ ಕಸಿಗಳನ್ನು ಒಂದೇ ಕಡೆ ಬೆರೆಸಿ ನೆಟ್ಟರೆ ಅವು ತಮ್ಮತಮ್ಮಲ್ಲೇ ಪರಾಗ ಹಂಚಿಕೊಳ್ಳುತ್ತವೆ, ಒಳ್ಳೆ ಬೀಜದ ತೋಟವಾಗುತ್ತದೆ. ಆ ಗಟ್ಟಿ ಮರ ಗಾಳಿಗೆ ಬಿದ್ದುಹೋದರೂ ನಕಲು ಉಳಿಯುತ್ತದೆ. ಆದರೆ ರೋಗ ಬೇರಿಗೆ ಬರುವಂಥದ್ದಾದರೆ ಬೇರುಗಿಡ, ಅಂದರೆ ಕಸಿಯ ಕುಡಿ ಕಟ್ಟುವ ಕೆಳಗಿನ ಗಿಡ, ಯಾವುದು ಅನ್ನುವುದೇ ಮುಖ್ಯ. ದುರ್ಬಲ ಬೇರಿನ ಮೇಲೆ ಗಟ್ಟಿ ಮರದ ಕುಡಿ ಕಟ್ಟಿ ಲಾಭವಿಲ್ಲ.

ಸಸಿಗಳನ್ನು ತಾಯಿವಾರು ಸಾಲು ಮಾಡದೆ ಬೆರೆಸಿ, ಸ್ವಲ್ಪ ಒತ್ತಾಗಿ ನೆಡಿ. ಶಿಲೀಂಧ್ರನಾಶಕ ಹೊಡೆಯಬೇಡಿ, ಹೊಡೆದರೆ ಯಾವುದು ಗಟ್ಟಿ ಅಂತ ಗೊತ್ತೇ ಆಗುವುದಿಲ್ಲ. ಸೊರಗಿದವನ್ನು ಆಮೇಲೆ ತೆಗೆದು ಜಾಗ ಬಿಡಿಸಿ.

ಮತ್ತೆ ಲೇಬಲ್. ಇದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ರೋಗ ಅಮೆರಿಕದ ಚೆಸ್ಟ್‌ನಟ್ ಮರಗಳನ್ನು ನೂರಾರು ಕೋಟಿ ಲೆಕ್ಕದಲ್ಲಿ ಕೊಂದಿತು. ಅವನ್ನು ಮರಳಿ ತರಲು ಗೋಧಿಯ ಒಂದು ಜೀನ್ ಸೇರಿಸಿ 'ಡಾರ್ಲಿಂಗ್ 58' ಅನ್ನುವ ಗಿಡ ಮಾಡಿದರು. ಗುರುತು ಅದಲುಬದಲಾಗಿ, ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದು 58 ಅಲ್ಲ, 'ಡಾರ್ಲಿಂಗ್ 54' ಅನ್ನುವ ಅದೇ ಬಗೆಯ ಇನ್ನೊಂದು ಗಿಡ ಅಂತ 2023ರಲ್ಲಿ ಬಯಲಾಯಿತು. ಲ್ಯಾಬಿನಲ್ಲೇ ಹೀಗಾದರೆ ನಮ್ಮ ನರ್ಸರಿ ಚೀಲಗಳ ಗತಿ ಏನು ಹೇಳಿ. ಬೀಜ ತೆಗೆದ ದಿನವೇ ತಾಯಿಮರದ ನಂಬರು, ಜಾಗ, ತಾರೀಖು ಬರೆದು ಚೀಲದ ಒಳಗೊಂದು, ಹೊರಗೊಂದು ಚೀಟಿ ಹಾಕಿ. ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಒತ್ತಿ ಬರೆದರೆ ಮಳೆಗೂ ಅಳಿಸುವುದಿಲ್ಲ. ನೆಟ್ಟ ಮೇಲೆ ಯಾವ ಸಾಲಿನ ಎಷ್ಟನೇ ಗಿಡ ಯಾರದ್ದು ಅಂತ ನಕ್ಷೆ ಬರೆದು ಫೋಟೋ ತೆಗೆದಿಡಿ. ತಗಡನ್ನು ಕಾಂಡಕ್ಕೆ ಬಿಗಿಯಾಗಿ ಮಾತ್ರ ಕಟ್ಟಬೇಡಿ, ಗಿಡ ದಪ್ಪವಾದಂತೆ ತಂತಿ ಒಳಗೆ ಕೊರೆಯುತ್ತದೆ. ಪಕ್ಕದಲ್ಲಿ ಗೂಟಕ್ಕೆ ಕಟ್ಟಿ.