ಬರೆಯದೆ ಬಿಟ್ಟ ಪುಟ

"ನಾನಿಲ್ಲದಿದ್ರೆ ಅಲ್ಲಿ ಏನೂ ನಡೆಯಲ್ಲ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನರ್ಸ್‌ಗಳು ಹೇಳುತ್ತಾರೆ, ಲೆಕ್ಕಪತ್ರ ನೋಡುವವರು ಹೇಳುತ್ತಾರೆ, ಮನೆಯ ಹಿರಿಮಗಳು ಹೇಳುತ್ತಾಳೆ. ದನಿಯಲ್ಲಿ ಸುಸ್ತು ಇರುತ್ತದೆ, ಜೊತೆಗೆ ಒಂದಿಷ್ಟು ಹೆಮ್ಮೆಯೂ ಇರುತ್ತದೆ. ಅದರ ಅಡಿಯಲ್ಲಿ ಇನ್ನೇನೋ ಇರುತ್ತದೆ ಅಂತ ನನಗೆ ಸರಿಯಾಗಿ ತಿಳಿದದ್ದು ನಾಟಕದ ಸ್ಟೇಜ್ ಮ್ಯಾನೇಜರ್ ಒಬ್ಬರಿಂದ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮೂವತ್ತು ದಾಟಿದ ಹೆಂಗಸು. ಗಂಡ, ಶಾಲೆಗೆ ಹೋಗುವ ಮಗಳು. ನಿದ್ದೆ ಬರಲ್ಲ ಅಂತ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದರು. ಕಣ್ಣು ಮುಚ್ಚಿದರೆ ತಲೆಯೊಳಗೆ ಕ್ಯೂಗಳು, ಅಂದರೆ ಬೆಳಕು, ಸದ್ದು, ಸೆಟ್ ಬದಲಿಸಲು ಕೊಡುವ ಸೂಚನೆಗಳು, ಓಡುತ್ತವಂತೆ. ಮನೆಯಲ್ಲೂ ಅದೇ. ನಾಟಕ ಶುರುವಾಗುವ ಮೊದಲು ನಟರಿಗೆ ಸಮಯದ ಕರೆ ಕೊಡುವುದು ಇವರ ಕೆಲಸ. ಇವರು ಕಲಿತದ್ದು ಬ್ರಿಟಿಷ್ ರಂಗಭೂಮಿಯ ಪದ್ಧತಿ. ಅದರಲ್ಲಿ 'ಹಾಫ್' ಅಂದರೆ ನಾಟಕಕ್ಕೆ 35 ನಿಮಿಷ ಮೊದಲು. ನಟರು ವಿಂಗ್‌ಗೆ, ಅಂದರೆ ರಂಗದ ಪಕ್ಕದ ಮರೆಗೆ, ಬಂದು ನಿಲ್ಲಬೇಕಾದ ಕರೆ 5 ನಿಮಿಷ ಮೊದಲು ಇರುತ್ತದೆ, ಅರ್ಧ ಗಂಟೆಯನ್ನು ಅಲ್ಲಿಂದ ಹಿಂದಕ್ಕೆ ಎಣಿಸುತ್ತಾರೆ. ಕರೆ ಕೇಳಿಸಿತು ಅನ್ನಲು ನಟರು "ಥ್ಯಾಂಕ್ ಯೂ" ಅನ್ನಬೇಕು. ಒಂದು ಬೆಳಿಗ್ಗೆ ಇವರು "ಐದು ನಿಮಿಷ" ಅಂದಾಗ ಮಗಳು ಶೂ ಹಾಕಿಕೊಳ್ಳುತ್ತಾ ತಲೆ ಎತ್ತದೆ "ಥ್ಯಾಂಕ್ ಯೂ" ಅಂದಳಂತೆ. ಅದನ್ನು ಹೇಳುವಾಗ ಇವರ ಕಣ್ಣು ತುಂಬಿತ್ತು.

ನಿದ್ದೆಯ ವಿಷಯಕ್ಕೆ ಮೊದಲು ವೈದ್ಯರ ಹತ್ತಿರ ಕಳಿಸಿದೆ. ಅದು ನಾನು ಎಂದೂ ಬಿಡದ ಹೆಜ್ಜೆ.

ಎರಡನೇ ಭೇಟಿಯಲ್ಲಿ ಒಂದು ಘಟನೆ ಹೊರಬಂತು. ಕೆಲವು ತಿಂಗಳ ಹಿಂದೆ ಜೋರು ಜ್ವರದಲ್ಲೇ ಪ್ರದರ್ಶನ ನಡೆಸಿದ್ದರು. ಬೆಳಕು, ಸೆಟ್ ನಡೆಸುವವರಿಗೆ ಹೆಡ್‌ಸೆಟ್‌ನಲ್ಲಿ ಮೊದಲು 'ಸ್ಟ್ಯಾಂಡ್‌ಬೈ' (ಸಿದ್ಧವಾಗಿರಿ) ಅನ್ನಬೇಕು, ಸರಿಯಾದ ಕ್ಷಣಕ್ಕೆ 'ಗೋ' ಅನ್ನಬೇಕು. ಆ 'ಗೋ' ಎಂಬ ಶಬ್ದವನ್ನು ಬೇರೆ ಯಾವ ಮಾತಿಗೂ ಬಳಸಬಾರದು. ಅವತ್ತು ಮೇಲಿಂದ ಇಳಿಯಬೇಕಾದ ಸೆಟ್‌ನ ಒಂದು ಗೋಡೆಗೆ ಸ್ಟ್ಯಾಂಡ್‌ಬೈ ಕೊಟ್ಟಾಗಿತ್ತು. ಅಷ್ಟರಲ್ಲಿ ಸಹಾಯಕಿಗೆ ಏನೋ ಹೇಳಲು ಹೋಗಿ ಆ ಶಬ್ದ ಬಾಯಿಂದ ಬಂದುಬಿಟ್ಟಿತು. ಗೋಡೆ ಇಳಿಯತೊಡಗಿತು. ಕೆಳಗೆ ಒಬ್ಬ ನಟ ಇದ್ದ. ಅವನು ಪಕ್ಕಕ್ಕೆ ಸರಿದ, ಪೆಟ್ಟಾಗಲಿಲ್ಲ. ಪ್ರೇಕ್ಷಕರಿಗೆ ಗೊತ್ತೇ ಆಗಲಿಲ್ಲ.

ಅಂದಿನಿಂದ ಇವರು ಒಂದು ದಿನವೂ ರಜೆ ತೆಗೆದುಕೊಂಡಿರಲಿಲ್ಲ.

ಮೂರನೇ ಭೇಟಿಗೆ ಪ್ರಾಂಪ್ಟ್ ಬುಕ್, ಅಂದರೆ ಎಲ್ಲ ಕ್ಯೂಗಳನ್ನು ಬರೆದಿಡುವ ಪುಸ್ತಕ, ತನ್ನಿ ಅಂದೆ. ಯಾಕೆ ಹಾಗಂದೆನೋ, ಹೆಚ್ಚು ಯೋಚಿಸಿ ಹೇಳಿದ್ದಲ್ಲ. ಘಟನೆಯ ಬಗ್ಗೆ ಕೇಳಿದಾಗಲೆಲ್ಲ ಮುದುಡಿಕೊಳ್ಳುತ್ತಿದ್ದರು. ಕೆಲಸದ ಬಗ್ಗೆ ಕೇಳಿದರೆ ಬೆನ್ನು ನೆಟ್ಟಗಾಗುತ್ತಿತ್ತು. ಅಷ್ಟೇ ಕಾರಣ.

ದಪ್ಪ ಫೈಲು. ಒಂದು ಬದಿಗೆ ನಾಟಕದ ಪಠ್ಯ, ಎದುರು ಪುಟದಲ್ಲಿ ನಟರ ಚಲನೆ, ಬೆಳಕು, ಸದ್ದು, ಸೆಟ್‌ನ ಕ್ಯೂಗಳು. ಯಾವ ಪದದ ಮೇಲೆ 'ಗೋ' ಅನ್ನಬೇಕೋ ಆ ಪದಕ್ಕೆ ಗೆರೆ ಎಳೆದಿತ್ತು. ಎಲ್ಲವೂ ಪೆನ್ಸಿಲ್‌ನಲ್ಲಿ. "ತಾಲೀಮಿನಲ್ಲಿ ದಿನಾ ಬದಲಾಗುತ್ತೆ ಅಲ್ವಾ, ಅಳಿಸೋಕೆ ಬರ್ಬೇಕು" ಅಂದರು. ನೆಲಕ್ಕೆ ಅಂಟಿಸುವ ಟೇಪಿನ ಗುರುತು, ಪರಿಕರಗಳನ್ನು ಮೊದಲೇ ಜೋಡಿಸಿಡುವ ಪಟ್ಟಿ, ಪ್ರತಿ ಪ್ರದರ್ಶನ ಮುಗಿದ ಮೇಲೆ ಬರೆಯುವ ವರದಿ, ಎಲ್ಲ ತೋರಿಸಿದರು. ಅರ್ಧ ಗಂಟೆ ಬೇರೆಯೇ ಮನುಷ್ಯಳಾಗಿದ್ದರು. ನಾನು ಸುಮ್ನೆ ಕೇಳುತ್ತಿದ್ದೆ.

ಪುಟ ತಿರುಗಿಸುತ್ತಾ ಒಂದು ಕಡೆ ಎದುರು ಪುಟ ಹೆಚ್ಚುಕಡಿಮೆ ಖಾಲಿ ಕಂಡಿತು. ಗೋಡೆ ಇಳಿಯುವ ದೃಶ್ಯ ಅದು.

"ಇಲ್ಲಿ ಯಾಕೆ ಏನೂ ಬರೆದಿಲ್ಲ?"

"ಆ ಘಟನೆ ಆದ್ಮೇಲೆ ಕ್ಯೂ ಎಲ್ಲ ಬದಲಾಯ್ತು ಮೇಡಂ. ಈಗ ಅದು ನನ್ನ ತಲೆಯಲ್ಲಿದೆ."

"ನಾಳೆ ನಿಮಗೆ ಬರೋಕಾಗದಿದ್ರೆ?"

"ಬರ್ತೀನಿ."

"ಆಗದಿದ್ರೆ?"

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಫೈಲಿನ ಮೇಲೆ ಕೈಯಿಟ್ಟು ಹೇಳಿದರು: "ಹೊಸಬರಿಗೆ ನಾನು ಮೊದಲನೇ ದಿನ ಹೇಳಿಕೊಡೋದೇ ಇದು. ಈ ಪುಸ್ತಕ ನಿಮ್ಮದಲ್ಲ, ನಾಟಕದ್ದು. ನೀವು ಬರದಿದ್ರೆ ಬೇರೆಯವರು ಇದನ್ನ ತೆಗೆದು ಇವತ್ತೇ ಪ್ರದರ್ಶನ ನಡೆಸೋ ಹಾಗಿರ್ಬೇಕು." ಸ್ವಲ್ಪ ತಡೆದು, "ಬರೆದಿಟ್ರೆ ಬೇರೆಯವರು ಆ ಕ್ಯೂ ಕೊಡಬಹುದು ಅಂತ ಬರೀಲಿಲ್ಲ" ಅಂದರು.

ನನಗೆ ಬೇಕಾದ ಮಾತು ಅವರ ಬಾಯಿಂದಲೇ ಬಂದಿತ್ತು. ಆ ದೃಶ್ಯವನ್ನು ತನ್ನ ಕೈಯಲ್ಲೇ ಹಿಡಿದುಕೊಂಡಿರಬೇಕು, ಇಲ್ಲದಿದ್ದರೆ ಯಾರಿಗಾದರೂ ಪೆಟ್ಟಾಗುತ್ತದೆ ಅನ್ನುವ ಭಯ. ಆದರೆ ಅವರೇ ಕಲಿಸುವ ಪ್ರಕಾರ ಆ ಖಾಲಿ ಪುಟವೇ ಅಪಾಯ.

ನಾನು ಕೊಟ್ಟ ಸಲಹೆ ಕೆಲಸದ ಭಾಷೆಯಲ್ಲೇ ಇತ್ತು. ಮೊದಲು ಆ ಪುಟ ತುಂಬಿಸಿ ಅಂದೆ. ಆಮೇಲೆ ಆ ರಾತ್ರಿಯ ಘಟನೆಯನ್ನು ಇನ್ನೊಮ್ಮೆ ಪ್ರದರ್ಶನದ ವರದಿಯ ಹಾಗೆ ಬರೆಯಲು ಹೇಳಿದೆ: ಎಷ್ಟು ಹೊತ್ತಿಗೆ ಏನಾಯಿತು, ಏನು ಮಾಡಿದಿರಿ, ಮರುದಿನದಿಂದ ಏನು ಬದಲಾಯಿತು. ಬೇರೆಯವರ ತಪ್ಪುಗಳನ್ನು ಅವರು ಹಾಗೇ ಬರೆಯುತ್ತಿದ್ದರು, ಬೈಗುಳವಿಲ್ಲದೆ, ಎರಡು ಸಾಲಿನಲ್ಲಿ. ತನ್ನ ತಪ್ಪಿಗೆ ಮಾತ್ರ ತಿಂಗಳುಗಟ್ಟಲೆ ರಾತ್ರಿಗಳನ್ನು ಕೊಟ್ಟಿದ್ದರು. ಕೊನೆಗೆ, ಸಹಾಯಕಿಯನ್ನು ತಯಾರು ಮಾಡಿ ಅಂದೆ. ಎರಡು ಪ್ರದರ್ಶನ ಅವಳು ಪಕ್ಕದಲ್ಲಿ ಕೂತು ಕೇಳಲಿ, ಎರಡು ಪ್ರದರ್ಶನ ನೀವು ಪಕ್ಕದಲ್ಲಿದ್ದು ಅವಳು ಕ್ಯೂ ಕೊಡಲಿ. ಐದನೆಯದಕ್ಕೆ ನೀವು ಹೆಡ್‌ಸೆಟ್ ಇಲ್ಲದೆ ಪ್ರೇಕ್ಷಕರ ನಡುವೆ ಕೂರಿ.

ಇದನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಅವರ ಆಕ್ಷೇಪದಲ್ಲಿ ನ್ಯಾಯವಿತ್ತು. ಜ್ವರದಲ್ಲಿ ಕೆಲಸ ಮಾಡಿಸಿದ್ದು ತಂಡದ ತಪ್ಪು, ಅದನ್ನು ಸರಿಮಾಡುವ ಹೊರೆ ಈಕೆಯ ಮೇಲೆ ಯಾಕೆ, ವಿಶ್ರಾಂತಿ ಹೇಳಬೇಕಿತ್ತು ಅಂದರು. ತಂಡದ ತಪ್ಪು ಹೌದು. ಬದಲಿ ವ್ಯವಸ್ಥೆ ಬೇಕು ಅಂತ ಲಿಖಿತವಾಗಿ ಕೇಳಿ ಅಂತ ನಾನೂ ಹೇಳಿದ್ದೆ. ಆದರೆ ಬರೀ ವಿಶ್ರಾಂತಿ ಹೇಳಿದ್ದರೆ ಏನಾಗುತ್ತಿತ್ತು? ಮನೆಯಲ್ಲಿ ಮಲಗಿ, ಎಂಟು ಗಂಟೆಗೆ ಶುರುವಾಗುವ ಪ್ರದರ್ಶನದ ಕ್ಯೂಗಳನ್ನು ತಲೆಯಲ್ಲೇ ಕೊಡುತ್ತಿದ್ದರು. ಇಂಥವರನ್ನು ಕೆಲಸದಿಂದ ಎಬ್ಬಿಸಿ ಕಳಿಸಿದರೆ ಭಯವೂ ಜೊತೆಗೇ ಹೋಗುತ್ತದೆ. ಇನ್ನೊಬ್ಬರ ಕೈಯಲ್ಲಿ ಕೆಲಸ ನಡೆಯುವುದನ್ನು ಕಣ್ಣಾರೆ ನೋಡಬೇಕು. ಇದನ್ನು ನಾನು ಬಲವಾಗಿ ನಂಬುತ್ತೇನೆ.

ಇನ್ನೂ ಒಂದು ಮಾತು, ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ. ನಿಮ್ಮ ಕೆಲಸದ ಯಾವ ಪುಟ ಖಾಲಿ ಇದೆ ನೋಡಿ. ಪಾಸ್‌ವರ್ಡ್, ಔಷಧಿಯ ಲೆಕ್ಕ, ಒಬ್ಬ ಗ್ರಾಹಕನ ಹಟ, ಏನೋ ಒಂದು ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ. ಬರೆಯಲು ಸಮಯ ಸಿಗಲಿಲ್ಲ ಅನ್ನುತ್ತೀರಿ. ನಿಜವಾಗಿ ಸಮಯವೇ ಕಾರಣವಾ ಅಂತ ಒಮ್ಮೆ ಕೇಳಿಕೊಳ್ಳಿ.

ಐದನೇ ಪ್ರದರ್ಶನಕ್ಕೆ ಅವರು ಹಿಂದಿನ ಸಾಲಿನಲ್ಲಿ ಕೂತರು. ಗೋಡೆಯ ದೃಶ್ಯ ಬಂದಾಗ ಪಕ್ಕದವರ ಕುರ್ಚಿಯ ಕೈ ಹಿಡಿದುಕೊಂಡಿದ್ದರಂತೆ. ಗೋಡೆ ಸರಿಯಾಗಿ ಇಳಿಯಿತು. ನಂತರದ ಒಂದು ಬೆಳಕಿನ ಕ್ಯೂ ತಡವಾಯಿತು. ಸಹಾಯಕಿ ಬರೆದ ವರದಿಯನ್ನು ನನಗೆ ಓದಿ ಹೇಳಿದರು: "ಕ್ಯೂ 63 ಒಂದು ಕ್ಷಣ ತಡ. ನಾನು ಪುಟ ತಿರುಗಿಸುತ್ತಿದ್ದೆ. ನಾಳೆ ಸ್ಟ್ಯಾಂಡ್‌ಬೈ ಎರಡು ಸಾಲು ಮೊದಲು ಕೊಡುತ್ತೇನೆ."

"ಇಷ್ಟೇ ಬರೆದಿದ್ದಾಳೆ" ಅಂದರು. "ಬರೆದು ಮನೆಗೆ ಹೋಗಿ ಮಲಗಿದ್ದಾಳೆ."

ಇವರ ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ. ವಾರದಲ್ಲಿ ಎರಡು ರಾತ್ರಿ ಚೆನ್ನಾಗಿ ಬರುತ್ತದಂತೆ. ಬದಲಿ ವ್ಯವಸ್ಥೆಗೆ ಕೊಟ್ಟ ಪತ್ರಕ್ಕೆ ತಂಡದಿಂದ ಉತ್ತರ ಬಂದಿಲ್ಲ, ಎರಡನೇ ಪತ್ರ ಬರೆದಿದ್ದಾರೆ. ಅದರ ಕರಡನ್ನು ಸಹಾಯಕಿಯ ಹತ್ತಿರ ಕೂತು ತಿದ್ದಿಸಿಕೊಂಡರಂತೆ.